ಬಂಡೆ ಒಪ್ಪಿದ ಮಾತು

ಯಾವ ಊರು ಎಂದು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿ ನಮ್ಮ ನೆಂಟರಿದ್ದಾರೆ, ಅವರು ಅಂಥವರಲ್ಲ ಎಂದು ನೀವು ಶುರುಮಾಡುತ್ತೀರಿ. ಊರಿನ ಮೂಡಲಿಗೆ ಒಂದು ಬಂಡೆ ಇತ್ತು ಎಂದು ತಿಳಿದರೆ ಸಾಕು. ಹುಲ್ಲೂ ಹುಟ್ಟದ ಬೋಳು ಬಂಡೆ. ಅದರೆದುರು ಆಳವಾದ ಕಮರಿ. ಕಮರಿಯ ಈಚೆ ದಡದಲ್ಲಿ ನಿಂತು ಕೂಗಿದರೆ ಬಂಡೆ ಕೊಂಚ ಹೊತ್ತು ಸುಮ್ಮನಿದ್ದು, ಯೋಚನೆ ಮಾಡಿದವರ ಹಾಗೆ, ಆಮೇಲೆ ತಿರುಗಿ ಕೂಗುತ್ತಿತ್ತು.

ಆ ಊರಲ್ಲಿ ಹುಡುಕುವವರು ಎಂಬ ಜನ ಇದ್ದರು. ಮಿಕ್ಕವರು ಉಳುತ್ತಿದ್ದರು, ನೇಯುತ್ತಿದ್ದರು, ಮಡಕೆ ಮಾಡುತ್ತಿದ್ದರು, ಇವರು ಹುಡುಕುತ್ತಿದ್ದರು. ಒಬ್ಬ ಚುಕ್ಕಿ ನೋಡುತ್ತಿದ್ದ, ಒಬ್ಬ ಮಣ್ಣು ಮೂಸುತ್ತಿದ್ದ, ಒಬ್ಬಳು ಬೇರು ಜಗಿದು ನೋಡುತ್ತಿದ್ದಳು. ಹುಡುಕಿ ಸಿಕ್ಕಿದ್ದನ್ನು ಊರಿಗೆ ಹೇಳುವುದು ಅವರ ಕೆಲಸ, ಅವರ ಹೊಟ್ಟೆಬಟ್ಟೆ ನೋಡಿಕೊಳ್ಳುವುದು ಊರಿನ ಕೆಲಸ. ಅವರಿಗೆಂದು ಒಂದು ದೊಡ್ಡ ಮನೆ ಕಟ್ಟಿಸಿ, ಅರಿವಿನ ಮನೆ ಎಂದು ಹೆಸರಿಟ್ಟಿದ್ದರು. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಮೇಲಿನ ಮೆಟ್ಟಿಲಿನವರ ದೀಪಕ್ಕೆ ಎಣ್ಣೆ ತುಂಬಿ ಚೆಲ್ಲುತ್ತಿತ್ತು. ಕೊನೆಯ ಮೆಟ್ಟಿಲಿನವರಿಗೆ ಬತ್ತಿ ನೆನೆದರೆ ಅದೇ ಹೆಚ್ಚು.

ಯಾರು ಮೇಲೆ ಕೂರಬೇಕು, ಯಾರು ಕೆಳಗೆ? ಹಿಂದೆ ಇದಕ್ಕೆ ಕೈ ಕೈ ಮಿಲಾಯಿಸುವ ತನಕ ಹೋಗುತ್ತಿತ್ತು. ಮೇಲೆ ಕೂತವರು ತಮ್ಮ ಅಳಿಯಂದಿರನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅಳಿಯಂದಿರು ತಮ್ಮ ಮೈದುನರನ್ನು ಕರೆದರು. ಬೇಸತ್ತ ಒಬ್ಬ ನ್ಯಾಯವಂತ ಎದ್ದು ನಿಂತು, ‘ಬಂಡೆಗೆ ಅಳಿಯನೂ ಇಲ್ಲ, ಮೈದುನನೂ ಇಲ್ಲ. ಬಂಡೆಯನ್ನೇ ಕೇಳೋಣ’ ಎಂದ. ಅವನ ಮನಸ್ಸಲ್ಲಿ ಕಲ್ಮಷ ಇರಲಿಲ್ಲ, ಅದನ್ನು ಒಪ್ಪಲೇಬೇಕು. ಆವತ್ತಿನಿಂದ ಬಂಡೆಯೇ ಅಳೆಯತೊಡಗಿತು.

ಕಟ್ಟಳೆ ಹೀಗೆ. ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ಕಮರಿಯ ದಡಕ್ಕೆ ಬರುತ್ತದೆ. ಹುಡುಕುವವನು ದಡದ ಚಪ್ಪಡಿ ಕಲ್ಲು ಹತ್ತಿ, ಕೈ ಎತ್ತಿ, ತಾನು ಕಂಡುಕೊಂಡದ್ದನ್ನು ಕೂಗಿ ಹೇಳುತ್ತಾನೆ. ಅವನು ಕೂಗುವಾಗ ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡಿರಬೇಕು. ಅವನ ದನಿ ಕೇಳಿದರೆ ಇವನು ನಮ್ಮವನು ಎಂದು ಒಬ್ಬನಿಗೆ ಪ್ರೀತಿ, ಇವನು ಅವರವನು ಎಂದು ಇನ್ನೊಬ್ಬನಿಗೆ ಹೊಟ್ಟೆಯುರಿ. ಕೂಗಿ ಮುಗಿದ ಮೇಲೆ ಅವನು ಕೈ ಇಳಿಸುತ್ತಾನೆ, ಜನ ಹತ್ತಿ ತೆಗೆಯುತ್ತಾರೆ, ಬಂಡೆ ಮಾತಾಡುತ್ತದೆ. ಬಂಡೆ ಒಂದು ಸಲ ಹೇಳಿದರೆ ಎಣಿಸುವವ ತಟ್ಟೆಗೆ ಒಂದು ಹುಣಸೆ ಬೀಜ ಹಾಕುತ್ತಾನೆ. ಬಂಡೆ ಹೇಳಿತು, ಬೀಜ ಬಿತ್ತು. ತಟ್ಟೆಯ ಬೀಜ ನೋಡಿ ಮೆಟ್ಟಿಲು. ಬಂಡೆ ಹೇಳಿದ್ದನ್ನು ಊರು ನಡೆಸಿಕೊಡುತ್ತದೆ. ಬಂಡೆ ಹೇಳದ್ದನ್ನು ಬರೀ ಬಾಯಿಮಾತು ಎಂದು ಅಲ್ಲೇ ಬಿಟ್ಟು ಹೋಗುತ್ತದೆ.

ಆದರೆ ಬಂಡೆಗೂ ಒಂದು ಚಾಳಿ ಇತ್ತು. ಉದ್ದದ ಮಾತು ಅದಕ್ಕೆ ಆಗದು. ಮಾತಿನ ತಲೆಯನ್ನು ನುಂಗಿ, ಬಾಲವನ್ನಷ್ಟೇ ವಾಪಸ್ಸು ಕೊಡುತ್ತಿತ್ತು. ಚುಕ್ಕಿ ನೋಡುವವನು ಒಮ್ಮೆ ‘ಚಂದ್ರನಿಗೆ ಸ್ವಂತ ಬೆಳಕಿಲ್ಲಾ’ ಎಂದು ಕೂಗಿದಾಗ, ಬಂಡೆ ‘ಇಲ್ಲಾ... ಇಲ್ಲಾ... ಇಲ್ಲಾ...’ ಎಂದಿತು. ಜನ ತಲೆದೂಗಿದರು. ಆಹಾ, ಇಲ್ಲ ಎಂಬುದನ್ನು ಕಂಡುಕೊಂಡಿದ್ದಾನೆ ಎಂದು ಅವನನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸಿದರು. ಯಾವುದಕ್ಕೆ ಏನು ಇಲ್ಲ ಎಂದು ಯಾರೂ ಕೇಳಲಿಲ್ಲ. ಮೇಲೆ ಕೂತ ಮೇಲೆ ಅವನೂ ಹೇಳುವ ಗೋಜಿಗೆ ಹೋಗಲಿಲ್ಲ.

ನೋಡುನೋಡುತ್ತ ಹುಡುಕುವವರೆಲ್ಲ ಜಾಣರಾದರು. ಒಂದು ಮಾತನ್ನು ಚೂರು ಚೂರು ಮಾಡಿ ಚೂರಿಗೊಂದು ಸಲ ಕೂಗಿದರು. ಇಬ್ಬರು ಸ್ನೇಹಿತರು ಒಳಗೊಳಗೇ ಮಾತಾಡಿಕೊಂಡು, ಒಬ್ಬ ಕೂಗಿದಾಗ ಇನ್ನೊಬ್ಬ ಕಮರಿಯೊಳಗೆ ಅಡಗಿ ಅದನ್ನೇ ಕೂಗಿದ; ಬಂಡೆಯ ದನಿಯೋ ಸ್ನೇಹಿತನ ದನಿಯೋ, ಬೀಜವಂತೂ ಬಿತ್ತು. ಬೆಂಕಿ ಬಿಸಿಯೆಂದು ಕಂಡುಕೊಂಡವನೊಬ್ಬ ಪ್ರತಿ ಸುಗ್ಗಿಗೂ ಅದನ್ನೇ ಹೊಸ ರಾಗದಲ್ಲಿ ಕಂಡುಕೊಳ್ಳುತ್ತಿದ್ದ.

ಇವರ ನಡುವೆ, ಕೊನೆಯ ಮೆಟ್ಟಿಲಿನ ಮೂಲೆಯಲ್ಲಿ, ನೀರು ನೋಡುವವಳು ಕೂರುತ್ತಿದ್ದಳು. ಅವಳ ಹೆಸರಲ್ಲಿ ಒಂದು ಬೀಜವೂ ಇರಲಿಲ್ಲ. ಅವಳು ಇನ್ನೂ ಹುಡುಕುತ್ತಿದ್ದಳು, ಅದೇ ಕಾರಣ.

ಊರಿಗೆ ಎರಡು ಕೇರಿ, ಎರಡು ಬಾವಿ. ಮೇಲಿನ ಕೇರಿಯ ಬಾವಿಯದು ಸವುಳು ನೀರು, ಬೇಳೆ ಕೂಡ ಸರಿಯಾಗಿ ಬೇಯುತ್ತಿರಲಿಲ್ಲ. ಕೆಳಗಿನ ಕೇರಿಯದು ಕಲ್ಲುಸಕ್ಕರೆಯಂಥ ನೀರು, ತಳದ ಹರಳು ಕಾಣುವಷ್ಟು ತಿಳಿ. ಆದರೆ ಕೆಳಗಿನ ಕೇರಿಯ ಮಕ್ಕಳ ಹಲ್ಲು ಕಂದುತ್ತಿತ್ತು, ಮೊಣಕಾಲು ಒಳಗೆ ವಾಲುತ್ತಿತ್ತು, ಪ್ರಾಯಕ್ಕೆ ಬರುವ ಹೊತ್ತಿಗೆ ಬೆನ್ನು ಬಗ್ಗುತ್ತಿತ್ತು. ಅದು ಆ ಕೇರಿಯವರ ಹಣೆಬರಹ ಎಂದು ಮೇಲಿನವರು ಅಂದುಕೊಂಡಿದ್ದರು. ಅಂದುಕೊಂಡು ಅಂದುಕೊಂಡು ಕೆಳಗಿನವರೂ ಅದನ್ನೇ ನಂಬಿದ್ದರು.

ನೀರು ನೋಡುವವಳು ನಂಬಲಿಲ್ಲ. ಅವಳ ಕೈಯಲ್ಲಿ ಯಾವಾಗಲೂ ದಾರದ ಉಂಡೆ. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸುವಳು, ಎರಡು ಮೊಣಕಾಲು ತಾಗಿಸುವಳು, ಪಾದ ಪಾದದ ನಡುವಿನ ತೆರವಿಗೆ ದಾರ ಹಿಡಿದು ಗಂಟು ಹಾಕುವಳು. ಕಾಲು ನೆಟ್ಟಗಿದ್ದ ಮಗುವಿನ ದಾರಕ್ಕೆ ಗಂಟಿಲ್ಲ. ದಾರ ಹಿಡಿ, ಗಂಟು ಹಾಕು. ದಾರ ಹಿಡಿ, ಗಂಟು ಹಾಕು. ಹಾಗೆ ಮಾಡುತ್ತಲೇ ಅವಳ ತಲೆ ನರೆಯಿತು. ಮೇಲಿನ ಕೇರಿಯ ದಾರಗಳು ನುಣ್ಣಗೆ ಇದ್ದವು. ಕೆಳಗಿನ ಕೇರಿಯ ದಾರಗಳನ್ನು ಮುಷ್ಟಿಯಲ್ಲಿ ಹಿಡಿದರೆ ಮೆಣಸಿನ ಕಾಳು ಹಿಡಿದಂತೆ ಆಗುತ್ತಿತ್ತು. ಮೇಲಿನ ಕೇರಿಗೆ ಮದುವೆಯಾಗಿ ಹೋದವಳು ಹೆತ್ತ ಮಗುವಿನ ಕಾಲು ನೆಟ್ಟಗಿತ್ತು. ಅವಳ ತಂಗಿ ಕೆಳಗೇ ಉಳಿದಳು, ತಂಗಿಯ ಮಗುವಿನ ಕಾಲು ಬಾಗಿತು. ರಕ್ತ ಒಂದೇ, ನೀರು ಬೇರೆ. ಕೊನೆಗೆ ಅವಳಿಗೆ ಅನುಮಾನವೇ ಉಳಿಯಲಿಲ್ಲ.

ಅವಳ ಸ್ವಂತ ತಂಗಿಯನ್ನೂ ಕೆಳಗಿನ ಕೇರಿಗೇ ಕೊಟ್ಟಿದ್ದರು. ಆ ತಂಗಿಗೆ ಬಹಳ ಕಾಯ್ದ ಮೇಲೆ ಒಂದು ಹೆಣ್ಣು ಮಗು ಹುಟ್ಟಿತ್ತು. ಅದು ಆಗಷ್ಟೇ ತೆವಳುವುದು ಬಿಟ್ಟು ಗೋಡೆ ಹಿಡಿದು ನಿಲ್ಲಲು ನೋಡುತ್ತಿತ್ತು. ಹಾಲು ಬಿಡಿಸಿ ನೀರು ಕುಡಿಸುವ ಹೊತ್ತು.

‘ಈ ಬಾವಿ ನೀರು ಬೇಡ ಕಣೇ,’ ಎಂದು ಅಕ್ಕ ತಂಗಿಯ ಕೈ ಹಿಡಿದುಕೊಂಡಳು. ‘ದೂರ ಆದರೂ ಸರಿ, ಮೇಲಿನ ಬಾವಿಯಿಂದ ತಾ.’

‘ನಿನ್ನ ಮಾತು ನಂಬಲ್ಲ ಅಂತಲ್ಲ ಅಕ್ಕಾ,’ ಎಂದಳು ತಂಗಿ. ‘ಆದರೆ ಮೇಲಿನವರು ಅವರ ಬಾವಿಗೆ ನಮ್ಮ ಹಗ್ಗ ಇಳಿಸೋಕೆ ಬಿಡ್ತಾರಾ? ಇಡೀ ಕೇರಿ ಕುಡಿಯೋ ನೀರು ನಿನಗೆ ಮಾತ್ರ ಆಗಲ್ವಾ ಅಂತ ನಮ್ಮತ್ತೆ ಸುಮ್ಮನಿರ್ತಾರಾ? ಬಂಡೆ ಒಂದು ಸಲ ಹೇಳಲಿ. ಬಂಡೆ ಹೇಳಿದ್ರೆ ಮೇಲಿನವರೂ ತುಟಿ ಬಿಚ್ಚಲ್ಲ, ನಮ್ಮತ್ತೇನೂ ಬಿಚ್ಚಲ್ಲ. ಅವತ್ತೇ ಬಿಟ್ಟುಬಿಡ್ತೀನಿ, ನಿನ್ನಾಣೆ.’

ತಂಗಿ ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಊರಲ್ಲಿ ಹುಟ್ಟಿದ್ದರೆ ನೀವೂ ನಾನೂ ಅದನ್ನೇ ಹೇಳುತ್ತಿದ್ದೆವು.

ಸುಗ್ಗಿ ಮುಗಿಯಿತು. ನೀರು ನೋಡುವವಳು ಚಪ್ಪಡಿ ಹತ್ತಿದಳು. ಜನ ಕಿವಿಗೆ ಹತ್ತಿ ತುರುಕಿಕೊಂಡರು. ತಾನು ಕಂಡದ್ದನ್ನು ಕಂಡ ಹಾಗೇ ಹೇಳಬೇಕೆಂದು ಅವಳಿಗೆ ಆಸೆ. ‘ಕೆಳಗಿನ ಕೇರಿಯ ಸಿಹಿ ಬಾವಿಯ ನೀರನ್ನು ಎಳೆಯ ಮಕ್ಕಳು ಬಹುಕಾಲ ಕುಡಿದರೆ ಅವರ ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ, ಸವುಳು ನೀರು ಕುಡಿದವರಿಗೆ ಹಾಗೆ ಆಗಿಲ್ಲ, ಬಹುಶಃ ತಳದ ಕಲ್ಲಿನಿಂದ ಏನೋ ಒಂದು ನೀರಿಗೆ ಇಳಿಯುತ್ತಿದೆ, ಅದು ಏನೆಂದು ನನಗೆ ಇನ್ನೂ ಗೊತ್ತಾಗಿಲ್ಲ, ಆದರೆ ಗೊತ್ತಾಗುವ ತನಕ ಮಕ್ಕಳಿಗೆ ಆ ನೀರು ಕುಡಿಸದಿರುವುದು ಒಳ್ಳೆಯದು.’ ಹೇಳಿ ಮುಗಿಸುವ ಹೊತ್ತಿಗೆ ಉಸಿರು ಕಟ್ಟಿ, ಮಾತಿನ ಬಾಲ ಕಮರಿಯನ್ನೇ ದಾಟಲಿಲ್ಲ. ಅವಳು ಕೈ ಇಳಿಸಿದಳು.

ಬಂಡೆ ಸುಮ್ಮನಿತ್ತು.

ಜನ ಹತ್ತಿ ತೆಗೆದು ಕಾದರು. ಒಬ್ಬ ಕೆಮ್ಮಿದ. ಆ ಕೆಮ್ಮನ್ನು ಬಂಡೆ ತಿರುಗಿ ಕೆಮ್ಮಿತು, ಅದಕ್ಕೆ ಒಂದಷ್ಟು ಜನ ನಕ್ಕರು. ಎಣಿಸುವವ ಕೆಟ್ಟವನಲ್ಲ. ಇನ್ನೂ ಸ್ವಲ್ಪ ಹೊತ್ತು ಬೀಜವನ್ನು ಬೆರಳ ಸಂದಿಯಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ‘ಏನೂ ಬರಲಿಲ್ಲ ತಾಯೀ’ ಎಂದು ತಟ್ಟೆ ಬೋರಲು ಹಾಕಿದ. ದೂರದಲ್ಲಿ ತಂಗಿ ಮಗುವನ್ನು ಕಂಕುಳಿಗೇರಿಸಿಕೊಂಡು ತಲೆ ತಗ್ಗಿಸಿ ಕೇರಿಯ ಕಡೆ ನಡೆದಳು.

ಅರಿವಿನ ಮನೆಯಲ್ಲಿ ಅವಳಿಗೆ ಒಬ್ಬನೇ ಸ್ನೇಹಿತ, ಹಕ್ಕಿ ಕೇಳುವವನು. ಒಂದು ಕಾಲದಲ್ಲಿ ಅವನು ಕಣ್ಣು ಮುಚ್ಚಿ ಕಾಡಲ್ಲಿ ಕೂತರೆ ಯಾವ ಹಕ್ಕಿ ಮರಿ ಮಾಡಿದೆ, ಯಾವುದು ಮರಿ ಕಳೆದುಕೊಂಡಿದೆ ಎಂದು ಕೂಗಿನಿಂದಲೇ ಹೇಳುತ್ತಿದ್ದ. ಈಗ ಅವನು ಮೇಲಿನ ಮೆಟ್ಟಿಲಿನವನು. ಪ್ರತಿ ಸುಗ್ಗಿಗೂ ‘ಹಕ್ಕೀ!’ ಎಂದು ಕೂಗುತ್ತಿದ್ದ, ಬಂಡೆ ಬೇಕಾದಷ್ಟು ಸಲ ಹೇಳುತ್ತಿತ್ತು.

‘ನೀನು ಹೇಳಿದ್ದು ಒಂದು ಗಾಡಿ ಹುಲ್ಲು,’ ಎಂದ ಅವನು. ‘ಬಂಡೆ ಬಾಯಿಗೆ ಒಂದು ಕಡ್ಡಿ ಹಿಡಿಸುತ್ತೆ. ಕಡಿ. ಇನ್ನೂ ಕಡಿ.’

‘ಕಡಿದರೆ ಅದು ನಾನು ಕಂಡದ್ದೇ ಅಲ್ಲ.’

‘ಕಡಿಯದಿದ್ರೆ ನೀನು ಕಂಡೇ ಇಲ್ಲ ಅಂತಾರೆ.’ ಅವನು ಬಾಗಿಲ ಆಚೆ, ಕಮರಿಯ ಕಡೆ ಬೆರಳು ತೋರಿಸಿದ. ‘ನಾನು ಈಗ ಕಾಡಿಗೆ ಹೋಗಲ್ಲ. ದಿನಾ ಕಮರಿ ಹತ್ರ ದನಿ ಪಳಗಿಸ್ತೀನಿ. ಅಲ್ಲಿ ಒಂದು ಹಕ್ಕಿಯೂ ಇಲ್ಲ, ನೋಡಿದೀಯಾ? ನಾವು ಹಿಂಗೆ ಕೂಗ್ತಿದ್ರೆ ಯಾವ ಹಕ್ಕಿ ಕೂರುತ್ತೆ?’

ಅವಳು ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಈ ತಲೆ ನರೆಸಿಕೊಂಡದ್ದು ಯಾತಕ್ಕೆ ಎಂದು ಹಟ ಹಿಡಿದಳು. ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ ತಂಗಿಯ ಮನೆಗೆ ಹೋದಾಗ ಮಗು ಹೊಸ್ತಿಲು ಬಿಟ್ಟು ಅಂಗಳಕ್ಕೆ ತಾನೇ ನಡೆದು ಬಂತು. ‘ದೊಡ್ಡಮ್ಮ’ ಎನ್ನಲು ಬಾರದೆ ‘ದೊಮ್ಮ, ದೊಮ್ಮ’ ಎನ್ನುತ್ತ ಕೈ ಚಾಚಿತು. ಅವಳು ಎತ್ತಿಕೊಳ್ಳಲಿಲ್ಲ. ಅದರ ನಡಿಗೆಯನ್ನೇ ನೋಡುತ್ತ ನಿಂತಳು. ಆಮೇಲೆ ಗೋಡೆಗೆ ಒರಗಿಸಿದಳು, ಮೊಣಕಾಲು ತಾಗಿಸಿದಳು, ದಾರ ಹಿಡಿದಳು. ಪಾದಗಳ ನಡುವೆ ತೆರವಿತ್ತು; ಅವಳು ಗಂಟು ಹಾಕದೆ ದಾರವನ್ನು ಉಂಡೆಗೆ ಸುತ್ತಿಟ್ಟಳು.

‘ಮೊದಮೊದಲು ಎಲ್ಲಾ ಮಕ್ಕಳ ಕಾಲೂ ಹಿಂಗೇ ಅಕ್ಕಾ, ನಡೀತಾ ನಡೀತಾ ನೆಟ್ಟಗಾಗುತ್ತೆ,’ ಎಂದಳು ತಂಗಿ. ಹೇಳಿದವಳು ಅಕ್ಕನ ಮುಖ ನೋಡಲಿಲ್ಲ.

ಅಲ್ಲಿಂದ ಅವಳು ನೇರ ಹಕ್ಕಿ ಕೇಳುವವನ ಬಳಿ ಹೋಗಿ, ‘ಕಡಿಯೋಣ ಬಾ’ ಎಂದಳು.

ಇಬ್ಬರೂ ಕಮರಿಯ ದಡದಲ್ಲಿ ಕೂತರು. ಅವಳ ಸೆರಗಿನಲ್ಲಿ ಬೆಣಚುಕಲ್ಲುಗಳು, ಮಾತಿಗೊಂದು ಕಲ್ಲು. ‘ಬಹುಶಃ ಬೇಕಾ?’ ಎಂದು ಅವನು ಕೇಳಿದ. ಅವಳು ಒಂದು ಕಲ್ಲನ್ನು ಕಮರಿಗೆ ಎಸೆದಳು. ‘ಆದರೆ ಬೇಕಾ?’ ಇನ್ನೊಂದು ಕಲ್ಲು. ತನಗೆ ಗೊತ್ತಿಲ್ಲ ಎಂಬುದನ್ನು ಎಸೆದಳು. ಸವುಳು ನೀರನ್ನು ಎಸೆದಳು, ತಳದ ಕಲ್ಲನ್ನು ಎಸೆದಳು, ಹಲ್ಲನ್ನು ಎಸೆದಳು, ಮೂಳೆಯನ್ನು ಎಸೆದಳು. ‘ಮಕ್ಕಳು?’ ಎಂದಾಗ ಅವಳು ಬಹಳ ಹೊತ್ತು ಆ ಕಲ್ಲನ್ನು ಅಂಗೈಯಲ್ಲಿ ಬಿಸಿ ಮಾಡಿಕೊಂಡು ಕೂತಳು. ಆಮೇಲೆ ಅದನ್ನೂ ಎಸೆದಳು. ಕೊನೆಗೆ ಉಳಿದದ್ದು ಎರಡೇ ಕಲ್ಲು. ಸಿಹಿ ಬಾವಿ. ಕುಡಿಯಬೇಡಿ.

‘ಒಟ್ಟಿಗೆ ಕೂಗಬೇಡ, ಎರಡೂ ಬೇರೆ ಬೇರೆ ಕೂಗು,’ ಎಂದ ಸ್ನೇಹಿತ. ‘ಕೊನೇ ಅಕ್ಷರ ಎಳಿ. ಬಂಡೆಗೆ ಎಳೆದ ಅಕ್ಷರ ಅಂದ್ರೆ ಪ್ರಾಣ.’

ಬಂಡೆ ತಲೆ ನುಂಗಿ ಬಾಲ ಕೊಡುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ‘ಬೇಡಿ’ ಎಂಬ ಬಾಲ ಬಂದರೆ ಸಾಕು ಎಂದೇ ಅವಳ ಲೆಕ್ಕ. ಅವಳ ತಲೆಯ ತುಂಬ ಆ ಬಾವಿ, ಆ ನೀರು, ಆ ಮೊಣಕಾಲು. ಹಾಗಿದ್ದಾಗ ಆ ಪದಕ್ಕೆ ಇನ್ನೊಂದು ಅರ್ಥ ಇದೆಯೆಂದು ಅವಳಿಗೆ ಹೊಳೆಯಲೇ ಇಲ್ಲ.

ಸುಗ್ಗಿ ಮುಗಿಯಿತು. ಅವಳು ಚಪ್ಪಡಿ ಹತ್ತಿದಳು. ಜನ ಹತ್ತಿ ತುರುಕಿಕೊಂಡರು.

‘ಸಿಹಿ ಬಾವೀ!’

ಕೈ ಇಳಿಸಿದಳು. ಜನ ಹತ್ತಿ ತೆಗೆದರು. ಬಂಡೆ ಯೋಚಿಸಿತು. ‘ಬಾವೀ...’ ಎಂದಿತು. ‘ಬಾವೀ... ಬಾವೀ...’ ಬೀಜ ಬಿತ್ತು, ಬೀಜ ಬಿತ್ತು. ಅವಳು ಮತ್ತೆ ಕೈ ಎತ್ತಿದಳು, ಜನ ಮತ್ತೆ ಕಿವಿ ಮುಚ್ಚಿದರು. ತಂಗಿಯ ಮಗುವಿನ ಕಾಲನ್ನು ಕಣ್ಣ ಮುಂದೆ ತಂದುಕೊಂಡು, ಇದ್ದಬದ್ದ ಉಸಿರನ್ನೆಲ್ಲ ಎಳೆದು ಕೂಗಿದಳು.

‘ಕುಡಿಯಬೇಡೀ!’

ಬಂಡೆ ಬಾಯಿಬಿಟ್ಟಿತು. ‘ಬೇಡೀ... ಬೇಡೀ... ಬೇಡೀ...’ ನಿಲ್ಲಲೇ ಇಲ್ಲ. ಎಣಿಸುವವನ ಕೈ ಸೋತಿತು, ತಟ್ಟೆ ತುಂಬಿತು, ಬೀಜಗಳು ಚೆಲ್ಲಿ ಚಪ್ಪಡಿಯ ಮೇಲೆ ಉರುಳಿದವು. ಅಜ್ಜಂದಿರು ಕೂಡ ಅಂಥದ್ದನ್ನು ಕೇಳಿರಲಿಲ್ಲ. ಜನ ಕೈ ಮುಗಿದು ನಿಂತರು. ಮೇಲಿನ ಮೆಟ್ಟಿಲಿನವರು ಓಡಿ ಬಂದು ಅವಳಿಗೆ ಶಾಲು ಹೊದಿಸಿದರು. ಅವಳು ಅತ್ತಳು. ಸಂತೋಷಕ್ಕೆ ಅತ್ತಳು. ಊರಿಗೆ ಊರೇ ಎದ್ದು ಕೆಳಗಿನ ಕೇರಿಯ ಕಡೆ ಓಡುವುದು ಕಣ್ಣೀರಿನ ನಡುವೆ ಕಂಡಿತು. ಬಾವಿ ಮುಚ್ಚಲು ಓಡುತ್ತಿದ್ದಾರೆ ಎಂದುಕೊಂಡಳು. ಶಾಲು, ಹಾರ, ಹೊಗಳಿಕೆ ಎಲ್ಲ ಮುಗಿಯುವ ತನಕ ಅವಳನ್ನು ಅಲ್ಲಿಂದ ಬಿಡಲಿಲ್ಲ.

ಕೇರಿಗೆ ಬಂದು ನೋಡಿದರೆ ಬಾವಿಕಟ್ಟೆಗೆ ಅರಿಸಿನ ಬಳಿದಿದ್ದರು. ಕುಂಕುಮ ಇಟ್ಟಿದ್ದರು. ರಾಟೆಗೆ ಚೆಂಡುಹೂವಿನ ಹಾರ ಸುತ್ತಿದ್ದರು. ಗಂಡಸರು ಹೆಂಗಸರು ಕಟ್ಟೆಯ ಸುತ್ತ ಮಂಡಿಯೂರಿ, ಸೆರಗೊಡ್ಡಿ, ಅಂಗವಸ್ತ್ರ ಒಡ್ಡಿ ಬೇಡುತ್ತಿದ್ದರು. ಮಳೆ ಬೇಡುತ್ತಿದ್ದರು, ಮಗಳಿಗೆ ಗಂಡು ಬೇಡುತ್ತಿದ್ದರು, ಕಳೆದುಹೋದ ಎಮ್ಮೆ ಬೇಡುತ್ತಿದ್ದರು. ಬೇಡಿದವರಿಗೆಲ್ಲ ಬೊಗಸೆ ತುಂಬ ನೀರು. ಬಾವಿ ಎಂದಿತ್ತು ಬಂಡೆ; ಬಾವಿ ಎಂದ ಮೇಲೆ ಸಿಹಿ ನೀರಿನದಲ್ಲದೆ ಸವುಳಿನದೇ? ಬೇಡಿ ಎಂದಿತ್ತು. ಇದಕ್ಕಿಂತ ಬಿಡಿಸಿ ಇನ್ನು ಹೇಗೆ ಹೇಳಬೇಕು ಎಂದು ಮೇಲಿನ ಮೆಟ್ಟಿಲಿನ ಹಿರಿಯರು ಜನಕ್ಕೆ ಅರ್ಥ ಬಿಡಿಸಿದ್ದರು.

ಎಲ್ಲರಿಗಿಂತ ಮುಂದೆ ತಂಗಿ. ಅವಳ ಮುಖ ಅರಳಿತ್ತು.

‘ಅಕ್ಕಾ! ಬಂಡೆ ಹೇಳಿಬಿಡ್ತು ಕಣೇ! ಮೇಲಿನ ಕೇರಿಯವರು ನಮ್ಮ ಕೇರಿಗೆ ಬಂದಿದ್ದಾರೆ ನೋಡು, ಎಂದಾದ್ರೂ ಬಂದಿದ್ರಾ? ನಮ್ಮ ಕೈಯಿಂದ ನೀರು ಇಸ್ಕೊಂಡು ಕುಡೀತಾ ಇದಾರೆ! ನೀನೇ ಕಂಡ ಬಾವಿ ಅಂತ ನನ್ನ ಮಗಳಿಗೆ ಮೊದಲ ಬೊಗಸೆ ಕೊಟ್ರು. ನಾನೇ ಕುಡಿಸಿದೆ.’

ಮಗುವಿನ ಗಲ್ಲದಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅದು ಅವಳನ್ನು ನೋಡಿ ನಕ್ಕಿತು.

‘ಕುಡಿಯಬೇಡಿ!’ ಎಂದು ಅವಳು ಅರಚಿದಳು. ‘ಕುಡಿಯಬೇಡಿ, ಕುಡಿಯಬೇಡಿ!’

ಅವಳ ದನಿ ಕೇಳಿದ್ದೇ ಜನಕ್ಕೆ ಮೈದುಂಬಿ ಬಂತು. ಕಂಡವಳೇ ಬಂದಿದ್ದಾಳೆ ಎಂದು ಕೈ ಮೇಲೆತ್ತಿ ಅವಳ ಮಾತಿನ ಬಾಲವನ್ನು ಹಿಡಿದುಕೊಂಡರು. ‘ಬೇಡಿ! ಬೇಡಿ! ಬೇಡಿ!’ ಅಷ್ಟು ಕಾಲ ಬಂಡೆಯನ್ನೇ ಕೇಳಿ ಕೇಳಿ ಅವರ ಕಿವಿಯೂ ತಲೆ ನುಂಗಿ ಬಾಲ ಹಿಡಿಯುವುದನ್ನು ಕಲಿತಿತ್ತು. ಅವಳು ಎಷ್ಟು ಕೂಗಿದಳೋ ಅವರು ಅಷ್ಟು ಬೇಡಿದರು.

ತಂಗಿಯನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋಗಿ, ಬಿಕ್ಕುತ್ತ, ನಡೆದದ್ದನ್ನೆಲ್ಲ ಹೇಳಿದಳು. ತಂಗಿ ಕೇಳಿಸಿಕೊಂಡಳು. ಅವಳ ಮುಖದ ನಗು ನಿಧಾನಕ್ಕೆ ಇಳಿಯಿತು.

‘ಬಂಡೆ ಅಷ್ಟು ಸಲ ಹೇಳಿದ್ದು ಸುಳ್ಳು, ನೀನು ಒಂದು ಸಲ ಹೇಳೋದು ನಿಜ ಅಂತೀಯಾ?’ ಎಂದಳು. ‘ನಿನ್ನ ಮಾತು ಬಂಡೆ ಹೇಳಲಿ ಅಂತ ದಿನಾ ದೀಪ ಹಚ್ಚಿದೀನಿ ಅಕ್ಕಾ. ಹೇಳಿದ ಮೇಲೆ ನೀನೇ ಅಲ್ಲ ಅಂದ್ರೆ ನಾನು ಯಾರನ್ನ ನಂಬಲಿ?’

ನೀರು ನೋಡುವವಳು ಎಣಿಸುವವನ ಮನೆಗೆ ಓಡಿದಳು. ಬೀಜಗಳನ್ನು ವಾಪಸ್ಸು ತೆಗೆದುಕೋ, ನನ್ನನ್ನು ಕೊನೆಯ ಮೆಟ್ಟಿಲಿಗೂ ಸೇರಿಸಬೇಡ, ಬೀದಿಗೆ ತಳ್ಳು, ಆದರೆ ಆ ಮಾತು ಸುಳ್ಳಾಯಿತೆಂದು ಸಾರಿಬಿಡು ಎಂದು ಕಾಲು ಹಿಡಿದಳು. ‘ಬಿದ್ದ ಬೀಜ ಎತ್ತೋಕೆ ಬರಲ್ಲ ತಾಯೀ,’ ಎಂದ ಅವನು, ಅವಳನ್ನು ಎಬ್ಬಿಸುತ್ತ. ‘ಬಂಡೆ ಹೇಳಿದ್ದನ್ನ ಬಂಡೇನೇ ಅಲ್ಲ ಅನ್ನಬೇಕು. ಹೋಗಿ ಕೂಗು. ನಾನು ಜನ ಸೇರಿಸ್ತೀನಿ.’

ಅವಳು ಚಪ್ಪಡಿ ಹತ್ತಿದಳು. ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಬಂಡೆಗೆ ಅದರಲ್ಲಿ ಯಾವುದೂ ಹಿಡಿಸದು ಎಂದು ಈಗ ಅವಳಿಗೆ ಗೊತ್ತಿತ್ತು. ಒಂದೇ ಪದವನ್ನು ಆರಿಸಿಕೊಂಡಳು. ಜನ ಹತ್ತಿ ತುರುಕಿಕೊಂಡರು.

‘ತಪ್ಪಾಯಿತೂ!’

ಜನ ಹತ್ತಿ ತೆಗೆದರು. ಬಂಡೆ ಯೋಚಿಸಿತು.

‘ಆಯಿತೂ...’ ಎಂದಿತು ಬಂಡೆ. ‘ಆಯಿತೂ... ಆಯಿತೂ...’

ಜನ ಕುಣಿದಾಡಿಬಿಟ್ಟರು. ಬೇಡಿದ್ದು ಆಯಿತು ಎಂದು ಬಂಡೆಯೇ ವರ ಕೊಟ್ಟಿತಲ್ಲ! ಮಾರನೆಯ ದಿನವೇ ಬಾವಿಯ ಸುತ್ತ ಕಲ್ಲಿನ ಮಂಟಪಕ್ಕೆ ಪಾಯ ತೆಗೆದರು. ಹಕ್ಕಿ ಕೇಳುವವನು ಆ ಸಂಜೆ ತನ್ನ ಹತ್ತಿಯನ್ನು ಕಮರಿಗೆ ಎಸೆದು, ಯಾರಿಗೂ ಹೇಳದೆ ಕಾಡಿಗೆ ನಡೆದ. ಮತ್ತೆ ಊರಿಗೆ ಬರಲಿಲ್ಲ.

ನೀರು ನೋಡುವವಳಿಗೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಕೊಟ್ಟರು. ಅವಳ ದೀಪದಲ್ಲಿ ಎಣ್ಣೆ ಚೆಲ್ಲುತ್ತಿತ್ತು. ಅವಳು ಒಂದು ದಿನವೂ ಅದನ್ನು ಹಚ್ಚಲಿಲ್ಲ. ಬೆಳಗಾದರೆ ಸವುಳು ಬಾವಿಯಿಂದ ಒಂದು ಕೊಡ ಸೇದಿ, ಸೊಂಟಕ್ಕೇರಿಸಿಕೊಂಡು, ತಂಗಿಯ ಬಾಗಿಲಲ್ಲಿ ಇಟ್ಟು ಬರುತ್ತಿದ್ದಳು. ತಂಗಿ ಆ ನೀರಲ್ಲಿ ಪಾತ್ರೆ ಬೆಳಗುತ್ತಿದ್ದಳು. ಮನೆ ಮುಂದೆ ತೀರ್ಥ ಇರುವಾಗ ಮಗಳಿಗೆ ಸವುಳು ಕುಡಿಸಲು ಅವಳಿಗೇನು ಹುಚ್ಚೇ? ಕೊಡ ಇಡು, ಬಾ. ಕೊಡ ಇಡು, ಬಾ. ಅಕ್ಕತಂಗಿಯರ ನಡುವೆ ಮಾತು ಕಡಿಮೆಯಾಯಿತು, ಆಮೇಲೆ ನಿಂತಿತು.

ದಾರ ಹಿಡಿಯುವುದನ್ನು ಮಾತ್ರ ಅವಳು ಬಿಡಲಿಲ್ಲ. ಈಗ ಮೇಲಿನ ಕೇರಿಯ ದಾರಕ್ಕೂ ಗಂಟು ಬೀಳತೊಡಗಿತ್ತು. ಒಂದು ಕಾಲಕ್ಕೆ ನುಣ್ಣಗಿದ್ದ ಆ ದಾರಗಳನ್ನು ಮುಟ್ಟಿದಾಗಲೆಲ್ಲ ಅವಳಿಗೆ ಎದೆ ಒಡೆಯುತ್ತಿತ್ತು. ಅಷ್ಟೂ ಗಂಟು ಅವಳು ಒಬ್ಬಳೇ ಹಾಕಿದ್ದು.

ಮಗು ಹುಡುಗಿಯಾಯಿತು. ಒಂದು ಮಧ್ಯಾಹ್ನ ಅರಿವಿನ ಮನೆಯ ಮೆಟ್ಟಿಲುಗಳನ್ನು ಒಂದೊಂದಾಗಿ, ಕೈಯೂರಿ ಕೈಯೂರಿ ಹತ್ತಿ ಬಂತು. ಮೊಣಕಾಲಿಗೆ ಮೊಣಕಾಲು ತಾಗುವ ಸದ್ದು ನೀರು ನೋಡುವವಳಿಗೆ ಮೊದಲೇ ಕೇಳಿಸಿತು. ಹುಡುಗಿ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು.

‘ದೊಡ್ಡಮ್ಮಾ,’ ಎಂದಳು. ಅವಳ ಹಲ್ಲು ಕಂದಿತ್ತು. ‘ಬಂಡೆ ಏನು ಹೇಳ್ತು ಅಂತ ಎಲ್ಲರಿಗೂ ಗೊತ್ತು. ನೀನು ಬಂಡೆಗೆ ಏನು ಹೇಳಿದ್ದೆ?’

ಆ ಊರಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಹುಡುಗಿಯ ಕಡೆ ತಿರುಗಿ ಕೂತಳು. ಆಮೇಲೆ ಹೇಳಿದಳು. ಕೂಗದೆ, ಎಳೆಯದೆ, ಕಡಿಯದೆ, ಮಾತಾಡುವ ದನಿಯಲ್ಲೇ ಪೂರ್ತಿ ಹೇಳಿದಳು. ಕಮರಿಗೆ ಎಸೆದ ಒಂದೊಂದು ಕಲ್ಲನ್ನೂ ಹೆಕ್ಕಿ ತಂದಳು. ಹಲ್ಲು, ಮೂಳೆ, ಸವುಳು ನೀರು, ತಳದ ಕಲ್ಲು. ಬಹುಶಃ. ಗೊತ್ತಿಲ್ಲ. ಆದರೆ. ಮಕ್ಕಳು. ಹುಡುಗಿ ನಡುವೆ ಬಾಯಿ ಹಾಕದೆ ಕೊನೆಯ ತನಕ ಕೇಳಿದಳು. ಕೇಳಿ, ತನ್ನ ಕಾಲುಗಳನ್ನು ನೋಡಿಕೊಂಡಳು.

‘ಇದನ್ನ ಅಷ್ಟು ದೂರ ಹೋಗಿ ಬಂಡೆಗೆ ಯಾಕೆ ಹೇಳಿದೆ ದೊಡ್ಡಮ್ಮಾ?’ ಎಂದಳು. ‘ಬಂಡೆ ನೀರು ಕುಡಿಯುತ್ತಾ?’

ಹುಡುಗಿಯ ಮಡಿಲಲ್ಲಿ ಮುಖ ಹುದುಗಿಸಿ ಅಳುವುದೊಂದೇ ಅವಳಿಂದ ಆದದ್ದು. ಆ ಬಾಗಿದ ಮೊಣಕಾಲು ಅವಳ ಕೆನ್ನೆಗೆ ಒತ್ತುತ್ತಿತ್ತು. ಹುಡುಗಿ ಅವಳ ನರೆತ ತಲೆಯನ್ನು ಸವರುತ್ತ, ಕೇಳಿದ್ದನ್ನೆಲ್ಲ ಮೆಲ್ಲಗೆ ತನ್ನಷ್ಟಕ್ಕೆ ಒಪ್ಪಿಸಿಕೊಳ್ಳುತ್ತಿದ್ದಳು. ಒಂದು ಪದವೂ ಬಿಟ್ಟುಹೋಗಿರಲಿಲ್ಲ.

ಆಮೇಲೆ ಹುಡುಗಿ ಎದ್ದಳು. ಮೆಟ್ಟಿಲಿಳಿದು ಬಿಸಿಲಲ್ಲಿ ಕೇರಿಯ ಕಡೆ ನಡೆದಳು. ನೀರು ನೋಡುವವಳು ದೂರದಿಂದ ಹಿಂಬಾಲಿಸಿದಳು. ಹುಡುಗಿ ಮೊದಲ ಮನೆಯ ಬಾಗಿಲು ತಟ್ಟಿ, ಒಳಗಿನವಳಿಗೆ ಪೂರ್ತಿ ಮಾತು ಹೇಳಿದಳು.

‘ಬಂಡೆ ಹೇಳ್ತಾ?’ ಎಂದು ಒಳಗಿನವಳು ಕೇಳಿದಳು.

‘ಇಲ್ಲ,’ ಎಂದಳು ಹುಡುಗಿ.

ಬಾಗಿಲು ಹಾಕಿಕೊಂಡಿತು. ಹುಡುಗಿ ಎರಡನೆಯ ಮನೆಗೆ ಹೋದಳು. ಅಲ್ಲಿ ಒಬ್ಬ ಬಾಣಂತಿ ಎದ್ದು ಬಂದಳು, ತೋಳಲ್ಲಿ ಕೂಸು. ಹುಡುಗಿ ಮತ್ತೆ ಪೂರ್ತಿ ಮಾತು ಹೇಳಿದಳು.

‘ಬಂಡೆ ಹೇಳ್ತಾ?’

‘ಬಂಡೆ ಹೇಳಲಿಲ್ಲ,’ ಎಂದು ಹುಡುಗಿ ಲಂಗವನ್ನು ಮೊಣಕಾಲ ತನಕ ಎತ್ತಿ ಹಿಡಿದಳು. ‘ಇಲ್ಲಿ ನೋಡಿ.’

ಬಾಣಂತಿ ನೋಡಿದಳು. ಆಮೇಲೆ ಬಾಗಿಲು ಹಾಕದೆ, ಕೂಸಿನ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿ, ಅದರ ಕಾಲನ್ನು ಮೆಲ್ಲಗೆ ಕೈಯಲ್ಲಿ ಹಿಡಿದುಕೊಂಡಳು.